ಸಣ್ಣ ಮಾಸ್ಟಡಾನ್ ಸರ್ವರ್ ನಡೆಸುವವರೇ, ನಿಮ್ಮ ಕ್ಯಾಶೆ ಕಡೆ ಒಮ್ಮೆ ನೋಡಿ

ಗೆಳೆಯರಿಗೋಸ್ಕರ ಸಣ್ಣದೊಂದು ಮಾಸ್ಟಡಾನ್ ಸರ್ವರ್ ಇಟ್ಟಿರುವವರು, ಇಡಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ಮಾಸ್ಟಡಾನ್ ಅಂದರೆ ಟ್ವಿಟರ್ ಥರದ ಸಾಮಾಜಿಕ ಜಾಲ. ಯಾರು ಬೇಕಾದರೂ ತಮ್ಮದೇ ಸರ್ವರ್ ನಡೆಸಬಹುದು, ಆ ಸರ್ವರ್‌ಗಳು ಪೋಸ್ಟ್‌ಗಳನ್ನು ಪರಸ್ಪರ ಹಂಚಿಕೊಳ್ಳುತ್ತವೆ. ನಮ್ಮ ಸರ್ವರ್ ಒಂದು ರಾತ್ರಿ ಏಕಾಏಕಿ ಬಂದ್ ಆಯಿತು. ನಮ್ಮ ಸದಸ್ಯರಲ್ಲಿ ಯಾರೂ ಯಾವ ತಪ್ಪೂ ಮಾಡಿರಲಿಲ್ಲ.

ನಮಗೆ ಸರ್ವರ್ ಬಾಡಿಗೆ ಕೊಟ್ಟಿದ್ದ ಹೋಸ್ಟಿಂಗ್ ಕಂಪನಿಯಿಂದ ಮೇಲ್ ಬಂತು. ಒಬ್ಬ ಹೆಂಗಸಿನ ಖಾಸಗಿ ಚಿತ್ರ ಅವರ ಒಪ್ಪಿಗೆ ಇಲ್ಲದೆ ನಿಮ್ಮ ಸರ್ವರ್‌ನಲ್ಲಿದೆ, 24 ಗಂಟೆಯೊಳಗೆ ತೆಗೆಯಿರಿ ಅಂತ. ಆ ಚಿತ್ರ ಹೋಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಡುವು ಮುಗಿಯುವ ಮೊದಲೇ ಕಂಪನಿ ಇಡೀ ಸರ್ವರ್‌ನ ನೆಟ್‌ವರ್ಕ್ ಕಡಿದುಹಾಕಿತು. ಒಳಗೆ ಹೋಗಿ ಡಿಲೀಟ್ ಮಾಡೋಣ ಅಂದರೆ ನಮಗೂ ದಾರಿ ಇಲ್ಲ. ಬ್ಯಾಕಪ್ ಸೇವೆಯೂ ಅದೇ ಕಂಪನಿಯದು, ಅದಕ್ಕೂ ಬೀಗ ಬಿತ್ತು. ಬರೆದ ಮೇಲ್‌ಗಳಿಗೆಲ್ಲ ಒಂದೇ ಸಿದ್ಧ ಉತ್ತರ. ಇತ್ತ, ನಮ್ಮಲ್ಲಿದ್ದದ್ದು ಬರೀ ನಕಲು, ಮೂಲ ಚಿತ್ರ ಇದ್ದ ಸರ್ವರ್ ಆರಾಮಾಗಿ ನಡೆಯುತ್ತಲೇ ಇತ್ತು. ಪಾಪ, ಆ ಹೆಂಗಸಿಗೆ ಇದರಿಂದ ಏನು ಸಿಕ್ಕಿತು?

ದೂರಿನಲ್ಲಿದ್ದ ವಿಳಾಸ ಹೀಗಿತ್ತು: ಮೊದಲು ನಮ್ಮ ಡೊಮೇನ್, ಆಮೇಲೆ 'ಕ್ಯಾಶೆ', ಆಮೇಲೆ 'ಮೀಡಿಯಾ ಅಟ್ಯಾಚ್‌ಮೆಂಟ್ಸ್', ಕೊನೆಗೆ ಅಂಕಿಗಳ ಸಾಲು. ಮಾಸ್ಟಡಾನ್ ಗೊತ್ತಿರುವವರಿಗೆ ಆ 'ಕ್ಯಾಶೆ' ಕಂಡರೆ ಸಾಕು. ಹೊರಗಿನ ಸರ್ವರ್‌ಗಳಿಂದ ಬಂದದ್ದರ ನಕಲು ಇಡುವ ಜಾಗವೇ ಕ್ಯಾಶೆ. ಅಂದರೆ ಆ ಚಿತ್ರ ಹೊರಗಿನ ಸರ್ವರ್‌ನಿಂದ ಬಂದ ನಕಲು. ನಮ್ಮ ಸದಸ್ಯರೊಬ್ಬರು ಹೊರಗಿನ ಯಾರನ್ನೋ ಫಾಲೋ ಮಾಡುತ್ತಾರೆ. ಅವರು ಮತ್ಯಾರದ್ದೋ ಪೋಸ್ಟ್ ಬೂಸ್ಟ್ ಮಾಡುತ್ತಾರೆ, ಅಂದರೆ ತಮ್ಮನ್ನು ಫಾಲೋ ಮಾಡುವವರಿಗೂ ಹಂಚುತ್ತಾರೆ. ಅದರ ಚಿತ್ರ ತಾನಾಗೇ ನಮ್ಮ ಡಿಸ್ಕಿಗೆ ಬಂದು ಕೂರುತ್ತದೆ. ನಮ್ಮಲ್ಲಿ ಯಾರೂ ಅದನ್ನು ನೋಡಿರಬೇಕು ಅಂತೇನಿಲ್ಲ. ಮೂಲದಲ್ಲಿ ಅಳಿಸಿದರೂ ಆ ಸುದ್ದಿ ಬೇರೆ ಸರ್ವರ್‌ಗಳಿಗೆ ಹೋಗುವುದು ಬರೀ ಕೋರಿಕೆಯಾಗಿ. ತಲುಪದಿದ್ದರೆ ನಕಲು ಹಾಗೇ ಉಳಿಯುತ್ತದೆ. ದೂರು ಕೊಡುವವರಿಗೆ ಕಾಣುವುದು ನಿಮ್ಮ ಡೊಮೇನ್ ಮಾತ್ರ.

ಇದಕ್ಕಿಂತ ಘೋರವಾದದ್ದೂ ಹೀಗೇ ಹರಿದುಬರುತ್ತದೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ಇಂಟರ್ನೆಟ್ ಅಬ್ಸರ್ವೇಟರಿ ದೊಡ್ಡ ಮಾಸ್ಟಡಾನ್ ಸರ್ವರ್‌ಗಳ ಎರಡು ದಿನದ ಸುಮಾರು 3,25,000 ಪೋಸ್ಟ್ ಪರೀಕ್ಷಿಸಿತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ, ಮೊದಲೇ ಗುರುತಾಗಿದ್ದ ಚಿತ್ರಗಳು 112 ಕಡೆ ಸಿಕ್ಕವು. ಅಂಥದ್ದು ನಿಮ್ಮ ಡಿಸ್ಕಿನಲ್ಲಿ ಕಂಡರೆ ಗಾಬರಿಯಲ್ಲಿ ಡಿಲೀಟ್ ಒತ್ತಬೇಡಿ. ಸ್ಕ್ರೀನ್‌ಶಾಟ್ ತೆಗೆದು ಬೇರೆ ಅಡ್ಮಿನ್‌ಗಳಿಗೆ ಕಳಿಸಲೇಬೇಡಿ, ಅದೇ ದೊಡ್ಡ ಅಪರಾಧ. ಅಮೆರಿಕದಲ್ಲಾದರೆ ಕಾಣೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ಇರುವ ಎನ್‌ಸಿಎಂಇಸಿ ಸಂಸ್ಥೆಗೆ ವರದಿ ಮಾಡಬೇಕು, ವರದಿ ಮಾಡಿದ್ದನ್ನು ಯಾರ ಕೈಗೂ ಸಿಗದಂತೆ ಒಂದು ವರ್ಷ ಕಾಪಾಡಬೇಕು. 2024ರವರೆಗೆ ಅದು 90 ದಿನ ಇತ್ತು. ನಿಮ್ಮ ದೇಶದ ನಿಯಮ ಏನು ಅಂತ ಈಗಲೇ ವಕೀಲರ ಹತ್ತಿರ ಕೇಳಿಟ್ಟುಕೊಳ್ಳಿ.

ನಾವು ಚಿಕ್ಕವರು, ನಮಗೆ ಯಾವ ಕಾನೂನು ಅನ್ನೋ ಮಾತು ಜಾಸ್ತಿ ಕೇಳುತ್ತೇನೆ. ಅದು ಅಪಾಯದ ಮಾತು. ಯುರೋಪಿನ ಡಿಜಿಟಲ್ ಸರ್ವೀಸಸ್ ಆಕ್ಟ್ ಸಣ್ಣವರಿಗೆ ಹಲವು ವಿನಾಯಿತಿ ಕೊಟ್ಟಿದೆ, ನಿಜ. ಆದರೆ ದೂರು ತೆಗೆದುಕೊಳ್ಳುವ ವ್ಯವಸ್ಥೆ, ನಮ್ಮ ಹಾಗೆ ಬೇರೆಯವರ ಪೋಸ್ಟ್ ಇಟ್ಟುಕೊಳ್ಳುವ ಎಲ್ಲ ಹೋಸ್ಟ್‌ಗಳಿಗೂ ಕಡ್ಡಾಯ. ಅಮೆರಿಕದಲ್ಲಿ ಕಾಪಿರೈಟ್ ದೂರುಗಳಿಂದ ರಕ್ಷಣೆ ಬೇಕಾದರೆ ಕಾಪಿರೈಟ್ ಆಫೀಸಿನಲ್ಲಿ ದೂರು ತೆಗೆದುಕೊಳ್ಳುವ ಒಬ್ಬ ಏಜೆಂಟ್ ಹೆಸರು ನೋಂದಾಯಿಸಬೇಕು. ಶುಲ್ಕ 6 ಡಾಲರ್, 3 ವರ್ಷಕ್ಕೊಮ್ಮೆ ನವೀಕರಣ. ಬ್ರಿಟನ್ನಿನ ಆನ್‌ಲೈನ್ ಸೇಫ್ಟಿ ಆಕ್ಟ್ ಸದಸ್ಯರ ಸಂಖ್ಯೆ ಕಡಿಮೆ ಅಂತ ಯಾರನ್ನೂ ಬಿಟ್ಟಿಲ್ಲ. ಅಪಾಯದ ಅಂದಾಜನ್ನು ಬರೆದಿಡಲೇಬೇಕು.

ಈಗ ನಾವು ಬೇರೆ ಕಂಪನಿಗೆ ಬಂದಿದ್ದೇವೆ. ಹೊರಗಿನ ಚಿತ್ರಗಳು ಕೆಲವೇ ದಿನ ಉಳಿಯುವ ಹಾಗೆ ಅಡ್ಮಿನ್ ಸೆಟ್ಟಿಂಗ್ಸ್‌ನಲ್ಲಿ ಮೀಡಿಯಾ ಕ್ಯಾಶೆ ಅವಧಿ ಕಡಿಮೆ ಮಾಡಿದ್ದೇವೆ. ಮಾಡರೇಶನ್, ಅಂದರೆ ಪೋಸ್ಟ್‌ಗಳ ಮೇಲೆ ನಿಗಾ, ಇಲ್ಲದ ಸರ್ವರ್ ಕಂಡರೆ 'ರಿಜೆಕ್ಟ್ ಮೀಡಿಯಾ' ಹಾಕುತ್ತೇವೆ, ಆಗ ಪೋಸ್ಟ್ ಬಂದರೂ ಚಿತ್ರ ಬರುವುದಿಲ್ಲ. ಬ್ಯಾಕಪ್ ಮತ್ತೊಂದು ಕಂಪನಿಯಲ್ಲಿದೆ, ಎನ್‌ಕ್ರಿಪ್ಟ್ ಮಾಡಿಯೇ ಇಟ್ಟಿದ್ದೇವೆ. ದೂರಿನ ಮೇಲ್ ಇಬ್ಬರು ಅಡ್ಮಿನ್‌ಗಳಿಗೆ ಹೋಗುತ್ತದೆ, ಒಬ್ಬರು ಮಲಗಿದ್ದಾಗ ಇನ್ನೊಬ್ಬರು ನೋಡಲಿ ಅಂತ.

ನೀವು ಸರ್ವರ್ ಬಾಡಿಗೆಗೆ ತೆಗೆದುಕೊಳ್ಳುವ ಮೊದಲೇ ಒಂದು ಪ್ರಶ್ನೆ ಕೇಳಿ: ಒಂದು ಫೈಲಿನ ಮೇಲೆ ದೂರು ಬಂದರೆ ಆ ಫೈಲನ್ನಷ್ಟೇ ತಡೆಯುತ್ತೀರೋ, ಇಡೀ ಮೆಷಿನ್ ನಿಲ್ಲಿಸುತ್ತೀರೋ? ಉತ್ತರವನ್ನು ಬರವಣಿಗೆಯಲ್ಲೇ ತರಿಸಿಕೊಳ್ಳಿ.