ಜಿಗಿತ ಹೆಚ್ಚಿಸಲು ಯಾವುದು? ಕಬ್ಬಿಣದ ಬಾಕ್ಸು, ಬೀಚಿನ ಮರಳು, ಮರದ ಬಾಕ್ಸು

ವಾಲಿಬಾಲಿನಲ್ಲಿ ಸ್ಮ್ಯಾಶ್ ಹೊಡೆಯುವವರಿಗೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಹಾರಿ ಹತ್ತಿ ಅಭ್ಯಾಸ ಮಾಡಲು ಮರದ ಬಾಕ್ಸ್ ಮಾಡಿಸಿಕೊಳ್ಳಿ. ನನ್ನದನ್ನು ನಮ್ಮ ಕಾರವಾರದ ಕೋಡಿಬಾಗದ ಬಡಗಿಯೊಬ್ಬರು ನೀರು ತಡೆಯುವ ಮರೈನ್ ಪ್ಲೈವುಡ್‌ನಲ್ಲಿ ಮಾಡಿಕೊಟ್ಟರು. ಮೂರು ಬದಿ 20, 24, 30 ಇಂಚು; ಮಗುಚಿಟ್ಟರೆ ಎತ್ತರ ಬದಲಾಗುತ್ತದೆ.

ಅದಕ್ಕೂ ಮೊದಲು ಆನ್‌ಲೈನಿನಲ್ಲಿ ತರಿಸಿದ ಕಬ್ಬಿಣದ ಬಾಕ್ಸ್ ಇತ್ತು. ಹಗುರ, ಎತ್ತಿಡಲು ಸುಲಭ. ಆದರೆ ಕಾರವಾರದ ಉಪ್ಪುಗಾಳಿ ಅದನ್ನು ಬಿಡಲಿಲ್ಲ. ಮಳೆಗಾಲ ಹಿಡಿಯುತ್ತಲೇ ಬೆಸುಗೆಯ ಮೂಲೆಗಳಲ್ಲಿ ಪೇಂಟ್ ಉಬ್ಬಿತು. ಉಗುರಿನಿಂದ ಕೆರೆದರೆ ಒಳಗೆಲ್ಲ ಕೆಂಪು ಪುಡಿ. ಮೇಲೆ ಅಂಟಿಸಿದ್ದ ಜಾರದ ಹಾಳೆ ಅಂಚಿನಲ್ಲಿ ಸುರುಳಿಯಾಯಿತು. ಕಾಲಿನ ರಬ್ಬರ್ ಬಿರಡೆ ಸಡಿಲಾಗಿ ಬಾಕ್ಸ್ ಅಲುಗತೊಡಗಿತು. ಮಾರಿದವರನ್ನು ಕೇಳಿದರೆ ‘ಒಳಗೆ ಮಾತ್ರ ಬಳಸಬೇಕು’ ಎಂದರು. ಇಟ್ಟಿದ್ದು ಒಳಗೇ! ನಮ್ಮೂರಲ್ಲಿ ಮನೆಯೊಳಗಿನ ಬಾಗಿಲ ಚಿಲಕಕ್ಕೂ ತುಕ್ಕು ಹಿಡಿಯುತ್ತದೆ.

ತುಕ್ಕಿಗಿಂತ ಕಾಡಿದ್ದು ಆ ಅಲುಗಾಟ. ಬಾಕ್ಸ್ ಅಲುಗುತ್ತದೆಂದು ಗೊತ್ತಾದ ಮೇಲೆ ಕಾಲು ಪೂರ್ತಿ ಬಲ ಹಾಕುವುದೇ ಇಲ್ಲ. ಸ್ಫೋಟಕ ಶಕ್ತಿ, ಅಂದರೆ ಒಮ್ಮೆಗೇ ಚಿಮ್ಮುವ ಬಲ, ಬರುವುದು ಪ್ರತಿ ಜಿಗಿತಕ್ಕೂ ಇದ್ದಷ್ಟು ಬಲ ಹಾಕಿದಾಗ. ಹೆದರಿ ಹೆದರಿ ಹಾರಿದರೆ ಬೆವರು ಬರುತ್ತದೆ, ಎತ್ತರ ಬರುವುದಿಲ್ಲ.

ಟ್ಯಾಗೋರ್ ಬೀಚಿನ ಮರಳಿಗೆ ದುಡ್ಡಿಲ್ಲ, ಮೊಣಕಾಲಿಗೂ ಹಿತ. ಕೊರತೆ ಬೇರೆ. ನೆಲಕ್ಕಿಳಿದಾಗ ಹಿಗ್ಗಿದ ಸ್ನಾಯು, ಸ್ನಾಯುರಜ್ಜುಗಳು ಸ್ಪ್ರಿಂಗಿನ ಹಾಗೆ ಬಲ ಮರಳಿಸುತ್ತವೆ, ತಕ್ಷಣ ಮೇಲೆದ್ದರೆ ಮಾತ್ರ. ಸೋವಿಯತ್ ತರಬೇತುದಾರ ಯೂರಿ ವೆರ್ಖೊಶಾನ್‌ಸ್ಕಿ ಎತ್ತರದಿಂದ ಇಳಿದು ಆ ಕ್ಷಣವೇ ಹಾರುವ ಅಭ್ಯಾಸವನ್ನು ರೂಪಿಸಿದ್ದು ಇದೇ ಗುಣ ನಂಬಿ. ಒಣ ಮರಳಲ್ಲಿ ಪಾದ ಹೂತು ಆ ಕ್ಷಣ ಕಳೆದುಹೋಗುತ್ತದೆ. ಕಡಲಿನ ಇಳಿತದಲ್ಲಿ ಸಿಗುವ ಒದ್ದೆ ಗಟ್ಟಿ ಮರಳು ವಾಸಿ, ಆದರೆ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನನಗೆ ಬಿಡುವಿರುವುದು ಆಫೀಸು ಮುಗಿದ ಮೇಲಷ್ಟೆ.



ಮರದ ಬಾಕ್ಸು ಭಾರ, ಒಬ್ಬರೇ ಎತ್ತುವುದು ಕಷ್ಟ. ಆದರೆ ಆ ಭಾರಕ್ಕೇ ಅದು ಕದಲುವುದಿಲ್ಲ. ಅಂಚು ಮೊಣಕಾಲ ಕೆಳಗಿನ ಮೂಳೆಗೆ ತಾಗಿದರೆ ಚರ್ಮ ಕಿತ್ತುಬರುತ್ತದೆ, ಅದಕ್ಕೇ ಎಲ್ಲ ಅಂಚು ಉಜ್ಜಿಸಿ ದುಂಡಗೆ ಮಾಡಿಸಿದೆ. ವಾರಕ್ಕೆರಡು ಸಲ, ಹೆಚ್ಚಾಗಿ 20 ಇಂಚಿನ ಬದಿ, ಐದೈದು ಜಿಗಿತ, ನಡುವೆ ಎರಡು ನಿಮಿಷ ವಿಶ್ರಾಂತಿ. ಹತ್ತುವುದು ಹಾರಿ, ಇಳಿಯುವುದು ಒಂದೊಂದೇ ಕಾಲಿಟ್ಟು.

ಹಲಗೆ, ಕೂಲಿ, ವಾರ್ನಿಷ್ ಸೇರಿ ಕಬ್ಬಿಣದ್ದಕ್ಕಿಂತ ದುಬಾರಿಯೇ ಆಯಿತು. ಅಷ್ಟು ಕೈಯಲ್ಲಿಲ್ಲದವರು ಇಳಿತದ ಹೊತ್ತು ನೋಡಿಕೊಂಡು ಮರಳಲ್ಲೇ ಹಾರಲಿ, ಕಡಲ ಹತ್ತಿರದ ಮನೆಗೆ ಕಬ್ಬಿಣದ್ದು ಮಾತ್ರ ಬೇಡ.