ಅಚ್ಚಿಗೆ ಮುಂಗಡ ಕೊಡುವ ಮೊದಲು ಇದನ್ನು ಓದಿ

ಕೆಲಸ ಬಿಟ್ಟು ಗೆಳೆಯರೊಡನೆ ಸ್ಟಾರ್ಟ್‌ಅಪ್ ಕಟ್ಟಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ರೈತರ ಬಳಕೆಯ ಉಪಕರಣವೊಂದನ್ನು ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಕುಳಿತು ರೂಪಿಸುತ್ತಿರುವವರು ದಯವಿಟ್ಟು ಪೂರ್ತಿ ಓದಿ. ನಾವು ನಾಲ್ವರು ಹನ್ನೊಂದು ತಿಂಗಳ ದುಡಿಮೆಯನ್ನೂ 19 ಲಕ್ಷ ರೂಪಾಯಿಯನ್ನೂ ಕಳೆದುಕೊಂಡೆವು. ಯೋಜನೆ ಹಾಕದೆ ಕೆಟ್ಟೆವೆಂದು ಯಾರೂ ತಿಳಿಯಬಾರದು. ನಮ್ಮ ಯೋಜನೆ ಒಂದು ದಿನವೂ ತಪ್ಪದೆ ನಡೆಯಿತು.

2021ರ ನವೆಂಬರ್ ಮಳೆ ಹಲವರಿಗೆ ನೆನಪಿರಬಹುದು. ಅಕಾಲದಲ್ಲಿ ರಾಜ್ಯವನ್ನೆಲ್ಲ ತೋಯಿಸಿದ ಆ ಮಳೆಗೆ, ಸಾಗರ ತಾಲ್ಲೂಕಿನ ನಮ್ಮ ಗೆಳೆಯನ ಮನೆಯಲ್ಲಿ ಬೇಯಿಸಿ ಹರವಿದ್ದ ಅಡಿಕೆ ಬೂಷ್ಟು ಹಿಡಿಯಿತು. ನಮ್ಮ ಯೋಚನೆ ಹುಟ್ಟಿದ್ದು ಅಲ್ಲಿಂದ. ಅಡಿಕೆ ಒಣಗಿಸುವ ಅಟ್ಟದ ಮೇಲೆ ಒಂದು ಸಣ್ಣ ಪೆಟ್ಟಿಗೆ. ಅದು ಗಾಳಿಯ ತೇವ, ಬಿಸಿಯನ್ನು ಅಳೆದು, ಅಡಿಕೆ ಎಷ್ಟು ಒಣಗಿದೆ, ಯಾವಾಗ ಟಾರ್ಪಾಲು ಎಳೆಯಬೇಕು ಎಂದು ಮೊಬೈಲ್‌ಗೆ ಸಂದೇಶ ಕಳಿಸಬೇಕು.

2022ರ ಜನವರಿ ಮೊದಲ ವಾರ ಮಾರ್ಗದರ್ಶಕರೊಬ್ಬರನ್ನು ಹಣ ಕೊಟ್ಟು ಕರೆಸಿ ಎರಡು ದಿನದ ಯೋಜನಾ ಶಿಬಿರ ನಡೆಸಿದೆವು. ಗೋಡೆಯ ತುಂಬ ಹಳದಿ ಚೀಟಿಗಳು. ಎರಡೆರಡು ವಾರಗಳ 20 ಸ್ಪ್ರಿಂಟ್‌ಗಳು, ಅಂದರೆ ಕೆಲಸದ ಕಂತುಗಳು. ಅಕ್ಟೋಬರ್‌ನಲ್ಲಿ ಉತ್ಪನ್ನ ಮಾರುಕಟ್ಟೆಗೆ. 11ನೆಯದರಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆಯ ಅಚ್ಚಿಗೆ ಆರ್ಡರ್, 17ನೆಯದರಲ್ಲಿ ತೋಟದ ಮನೆಗಳಲ್ಲಿ ಪರೀಕ್ಷೆ. ಆ ಗೋಡೆಯನ್ನು ನೋಡಿದರೆ ಯಾರಿಗಾದರೂ ಧೈರ್ಯ ಬರುತ್ತಿತ್ತು.

ಎರಡನೆಯ ದಿನ ಸಂಜೆ ಸಾಗರದ ಗೆಳೆಯ ಹೇಳಿದ: "ಈಗ ನಮ್ಮ ಮನೆಯಲ್ಲಿ ಸುಲಿಯುವುದು, ಬೇಯಿಸುವುದು ನಡೆದಿದೆ. ಈ ಶನಿವಾರವೇ ಹೋಗಿ ಬರೋಣ. ತೋರಿಸಲು ಏನೂ ಇಲ್ಲದಿದ್ದರೂ ಪರವಾಗಿಲ್ಲ, ನೋಡಿಕೊಂಡು ಬರೋಣ." ಅವನು ಅದನ್ನು ಚೀಟಿಯಲ್ಲಿ ಬರೆದು ಮೊದಲ ಸ್ಪ್ರಿಂಟ್‌ಗೆ ಅಂಟಿಸಿಯೂ ಇದ್ದ. ಹೀಗೆ ನಡುವೆ ನುಗ್ಗಿಸಿದರೆ ಶಿಸ್ತು ಉಳಿಯುವುದಿಲ್ಲ ಎಂದರು ಮಾರ್ಗದರ್ಶಕರು. ಯೋಜನೆಯ ಹೊಣೆ ನನ್ನದಾಗಿತ್ತು. ಆ ಚೀಟಿಯನ್ನು ಕಿತ್ತು 17ರ ಕೆಳಗೆ ಅಂಟಿಸಿದವನು ನಾನು. ಅವನು ಮರುಮಾತಾಡಲಿಲ್ಲ.

17ನೆಯ ಸ್ಪ್ರಿಂಟ್ ಬಂದದ್ದು ಆಗಸ್ಟ್ ನಡುವಿನಲ್ಲಿ. ಮಲೆನಾಡಿನಲ್ಲಿ ಬಿಡದ ಮಳೆ. ನಾವು ಪೆಟ್ಟಿಗೆಗಳನ್ನು ಹೊತ್ತು ಹೋದಾಗ ಎಲ್ಲ ತೋಟಗಳಲ್ಲೂ ಮಳೆ ಕೊಂಚ ಬಿಡುವು ಕೊಟ್ಟ ಹೊತ್ತು ನೋಡಿಕೊಂಡು ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಿದ್ದರು. ಅಟ್ಟಗಳು ಖಾಲಿ. ಒಣಗಿಸಲು ಒಂದು ಅಡಿಕೆಯೂ ಇರಲಿಲ್ಲ. ಜನವರಿ, ಫೆಬ್ರವರಿಯಲ್ಲಿ ಕಣ್ಣೆದುರಿಗಿದ್ದ ಕೊಯ್ಲನ್ನು ಬಿಟ್ಟು, ಅಡಿಕೆಯೇ ಇಲ್ಲದ ತಿಂಗಳಲ್ಲಿ ಪರೀಕ್ಷೆಗೆ ಹೋಗಿದ್ದೆವು. ಅಷ್ಟು ಹೊತ್ತಿಗೆ ಆರು ಲಕ್ಷದ ಅಚ್ಚು ತಯಾರಾಗಿ ಬೆಂಗಳೂರಿನ ಪೀಣ್ಯದ ವರ್ಕ್‌ಶಾಪ್‌ನಲ್ಲಿ ಕುಳಿತಿತ್ತು.

ನವೆಂಬರ್‌ನಲ್ಲಿ ಮತ್ತೆ ಹೋದೆವು. ಆಗ ಬಯಲಾದದ್ದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಪಾಠವೆಲ್ಲ ಇಲ್ಲಿದೆ. ಮನೆ ಕಣಿವೆಯಲ್ಲಿ, ನೆಟ್‌ವರ್ಕ್ ತೀರಾ ದುರ್ಬಲ. ಸಿಗ್ನಲ್ ಕಡಿಮೆ ಇದ್ದಷ್ಟೂ, ಸಂದೇಶ ಕಳಿಸುವ ಸಿಮ್ ಮಾಡ್ಯೂಲ್ ಹೆಚ್ಚು ವಿದ್ಯುತ್ ಎಳೆಯುತ್ತದೆ. ಬೆಂಗಳೂರಿನಲ್ಲಿ ತಿಂಗಳು ಬಂದ ಬ್ಯಾಟರಿ ಅಲ್ಲಿ ಐದನೆಯ ದಿನಕ್ಕೆ ಸತ್ತಿತು. ಎರಡು ಸೆಲ್ ಹಾಕೋಣವೆಂದರೆ ಪೆಟ್ಟಿಗೆಯೊಳಗೆ ಜಾಗವಿಲ್ಲ. ಪೆಟ್ಟಿಗೆ ದೊಡ್ಡದು ಮಾಡೋಣವೆಂದರೆ ಅಚ್ಚು ಬದಲಾಗಬೇಕು. ಇನ್ನೊಂದು ಕಡೆ, ಚೊಗರು (ಅಡಿಕೆ ಬೇಯಿಸಿದ ಗಟ್ಟಿ ರಸ) ಮೆತ್ತಿದ ಅಡಿಕೆಯ ಪಕ್ಕದಲ್ಲಿದ್ದ ಸೆನ್ಸರ್ ಕಿಂಡಿಗಳಿಗೆ ಕೆಂಪು ಅಂಟು ಕಟ್ಟಿಕೊಂಡು, ಅದು ಹಗಲೂ ರಾತ್ರಿ ಒಂದೇ ಅಂಕಿ ತೋರಿಸತೊಡಗಿತು.

ಇವೆಲ್ಲ ರಿಪೇರಿಯ ವಿಷಯಗಳು. ಆ ಸಂಜೆ ಗೆಳೆಯನ ತಾಯಿ ಹೇಳಿದ ಮಾತಿಗೆ ರಿಪೇರಿ ಇರಲಿಲ್ಲ. ಅವರು ಅಟ್ಟದಿಂದ ಒಂದು ಹಿಡಿ ಅಡಿಕೆ ಬಾಚಿಕೊಂಡು ನನ್ನ ಕಿವಿಯ ಬಳಿ ಅಲುಗಿಸಿದರು. ಮೆತ್ತಗಿನ ಸದ್ದು. ಇನ್ನೊಂದು ಮೂಲೆಯಿಂದ ಮತ್ತೊಂದು ಹಿಡಿ. ಕಲ್ಲಿಗೆ ಕಲ್ಲು ತಾಗಿದಂತೆ ಟಣಟಣ. "ಇದು ಇನ್ನೂ ಎರಡು ಬಿಸಿಲು ಬೇಡುತ್ತದೆ ತಮ್ಮಾ, ಅದು ಆಯಿತು. ಇದಕ್ಕೆ ಪೆಟ್ಟಿಗೆ ಏಕೆ? ರಾತ್ರಿ ಸುಲಿಯುವುದಕ್ಕೆ ಜನ ಸಿಗುತ್ತಿಲ್ಲ. ಮಳೆ ಬಂದಾಗ ಟಾರ್ಪಾಲು ಎಳೆಯಲು ಮನೆಯಲ್ಲಿ ಇರುವವಳು ನಾನೊಬ್ಬಳೇ. ಅದಕ್ಕೆ ಏನಾದರೂ ಮಾಡಿಕೊಡಿ."

ಮಳೆ ಬರುತ್ತದೆಂದು ತಿಳಿಸುವ ಯಂತ್ರ ಅವರಿಗೆ ಬೇಕಿರಲಿಲ್ಲ, ಬೇಕಿದ್ದದ್ದು ಎಳೆಯುವ ಕೈ. ಜನವರಿಯ ಆ ಶನಿವಾರ ಬಸ್ಸು ಹತ್ತಿದ್ದರೆ ಇಷ್ಟೂ ಒಂದೇ ದಿನದಲ್ಲಿ ತಿಳಿಯುತ್ತಿತ್ತು.

ಎರಡು ವಾರಗಳ ಸ್ಪ್ರಿಂಟ್ ಪದ್ಧತಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದು ಬೆಳೆದದ್ದು ತಂತ್ರಾಂಶದವರ ನಡುವೆ, ಬೆಳಿಗ್ಗೆಯ ತಪ್ಪನ್ನು ಸಂಜೆಗೆ ತಿದ್ದಬಹುದಾದ ಕಡೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ ಸೇರಿ, ಇಂಥ ಪದ್ಧತಿಗಳ ತತ್ವಗಳನ್ನು ಹೇಳುವ ಅಜೈಲ್ ಪ್ರಣಾಳಿಕೆ ಬರೆದ ಹದಿನೇಳು ಮಂದಿ ಕೂಡ, ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದಕ್ಕೇ ಹೆಚ್ಚು ಬೆಲೆ ಕೊಟ್ಟಿದ್ದಾರೆ. ನಾವು ಅವರ ಪದಗಳನ್ನಷ್ಟೇ ತೆಗೆದುಕೊಂಡೆವು. ಉಕ್ಕಿನ ಅಚ್ಚನ್ನು ಸಂಜೆಗೆ ತಿದ್ದಲಾಗದು. ತಪ್ಪಿದ ಸುಗ್ಗಿ ಬರುವ ವರ್ಷವೇ ಬರುತ್ತದೆ. ಇವೆರಡನ್ನೂ ಗೋಡೆಯ ಮೇಲೆ ಮೊದಲು ಗುರುತಿಸಿ, ಉಳಿದ ಕೆಲಸವನ್ನು ಅವುಗಳ ಸುತ್ತ ಜೋಡಿಸಬೇಕಿತ್ತು. ಮೊದಲ ಐವತ್ತು ಪೆಟ್ಟಿಗೆಗಳಿಗೆ ಅಚ್ಚೇ ಬೇಡ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆಯಲ್ಲಿ ಸಿಗುವ ಸಿದ್ಧ ಪ್ಲಾಸ್ಟಿಕ್ ಡಬ್ಬಿಗೆ ತೂತು ಕೊರೆದರೂ ಸಾಕು.

ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರು 2007ರಲ್ಲಿ ವಿವರಿಸಿದ 'ಪ್ರೀಮಾರ್ಟಮ್' ಎಂಬ ಅಭ್ಯಾಸವೊಂದಿದೆ. ಕೆಲಸ ಶುರುವಾಗುವ ಮೊದಲೇ, ಇದು ಆಗಲೇ ಪೂರ್ತಿ ಸೋತುಹೋಗಿದೆ ಎಂದುಕೊಂಡು, ಏಕೆ ಸೋತಿತು ಎಂಬುದನ್ನು ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಬರೆಯುವುದು. ಅರ್ಧ ಗಂಟೆಯ ಕೆಲಸ. ದನಿ ಎತ್ತದವನ ಮಾತೂ ಇದರಿಂದ ಹೊರಗೆ ಬರುತ್ತದೆ. ನಮ್ಮ ಶಿಬಿರದಲ್ಲಿ ಇದನ್ನು ಮಾಡಿದ್ದರೆ ಸಾಗರದ ಗೆಳೆಯ ಏನು ಬರೆಯುತ್ತಿದ್ದನೆಂದು ನನಗೆ ಗೊತ್ತು.

ಕಾಗದಪತ್ರದ ವಿಷಯವೂ ಒಂದಿದೆ. ನಾಲ್ವರಿಗೂ ತಲಾ 25 ಶೇಕಡಾ ಪಾಲು ಬರೆದು ಕಂಪನಿ ನೋಂದಾಯಿಸಿದ್ದೆವು. ನಡುವೆ ಬಿಟ್ಟುಹೋದವನ ಪಾಲು ಏನಾಗಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ಪಾಲು ವರ್ಷದಿಂದ ವರ್ಷಕ್ಕೆ ಕೈಸೇರುವಂತೆ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಡಿಸೆಂಬರ್‌ನಲ್ಲಿ ಒಬ್ಬ ಹೊರನಡೆದಾಗ, ಹತ್ತು ವರ್ಷದ ಸ್ನೇಹ ಇದೊಂದಕ್ಕೇ ಮುರಿಯಿತು.

ಅಚ್ಚು ಈಗಲೂ ಪೀಣ್ಯದಲ್ಲೇ ಇದೆ. ಜಾಗ ಬೇಕು, ಒಯ್ಯಿರಿ ಎಂದು ವರ್ಕ್‌ಶಾಪ್‌ನವರು ಮೂರು ಸಲ ಫೋನ್ ಮಾಡಿದ್ದಾರೆ. ಗುಜರಿಯವರು ಅದನ್ನು ಕಬ್ಬಿಣದ ತೂಕಕ್ಕೆ ಕೇಳುತ್ತಿದ್ದಾರೆ. ಸಾಗರದ ಗೆಳೆಯ ಊರಿಗೆ ಮರಳಿದ್ದಾನೆ; ಈ ಸಲದ ಕೊಯ್ಲಿಗೆ ಬಾ ಎಂದು ಕರೆದಿದ್ದಾನೆ. ಈ ಬಾರಿ ಪೆಟ್ಟಿಗೆ ಹೊರದೆ ಹೋಗುತ್ತಿದ್ದೇನೆ. ರಾತ್ರಿ ಅವರ ಜಗುಲಿಯಲ್ಲಿ ಕುಳಿತು ಅಡಿಕೆ ಸುಲಿಯುತ್ತೇನೆ.