ಬೆಕ್ಕು, ಕೊಲೆ, ಹಳೇ ಕಾಗದ: ಮೂರು ಸರಣಿಗಳಲ್ಲಿ ಯಾವುದನ್ನು ಹಿಡಿಯಬೇಕು?

ಇಂಗ್ಲಿಷಿನಲ್ಲಿ ‘ಕೋಝಿ ಮಿಸ್ಟರಿ’ ಅಂತ ಒಂದು ಬಗೆಯ ಪತ್ತೇದಾರಿ ಕಾದಂಬರಿ ಇದೆ. ಕೊಲೆ ಆಗುತ್ತದೆ, ಆದರೆ ರಕ್ತ ಹರಿಯುವುದನ್ನು ತೋರಿಸುವುದಿಲ್ಲ. ಪತ್ತೆ ಹಚ್ಚುವವರು ಪೊಲೀಸರಲ್ಲ. ಪೋಸ್ಟ್ ಆಫೀಸಿನವರು, ಲೈಬ್ರರಿಯವರು, ಪತ್ರಿಕೆಯವರು. ಊರು ಚಿಕ್ಕದು, ಎಲ್ಲರ ಸುದ್ದಿ ಎಲ್ಲರಿಗೂ ಗೊತ್ತು. ಅದರಲ್ಲೂ ಬೆಕ್ಕಿರುವ ಕೋಝಿಗಳದ್ದೇ ಒಂದು ದೊಡ್ಡ ಬಳಗ. ಏಪ್ರಿಲ್, ಮೇ ಬಂತೆಂದರೆ ವಿಜಯಪುರದಲ್ಲಿ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ. ಕಿಟಕಿ ಮುಚ್ಚಿ ಫ್ಯಾನಿನ ಕೆಳಗೆ ಕೂತವರಿಗೆ ಇವು ಹೇಳಿ ಮಾಡಿಸಿದ ಪುಸ್ತಕಗಳು.

ನಾನು ಮೂರು ಸರಣಿಗಳನ್ನು ಓದಿ ನೋಡಿದೆ. ನನ್ನ ಬೇಡಿಕೆ ಎರಡೇ. ಬೆಕ್ಕು ಬೆಕ್ಕಾಗಿಯೇ ಇರಬೇಕು. ಊರಿನ ಇತಿಹಾಸ ಗೋಡೆಗೆ ಬಡಿದ ಕ್ಯಾಲೆಂಡರಿನ ಹಾಗೆ ಸುಮ್ನೆ ತೂಗಾಡದೆ, ಕೇಸಿನಲ್ಲಿ ಬಂದು ಸಾಕ್ಷಿ ಹೇಳಬೇಕು.

ಎರಡನೆಯದಕ್ಕೆ ಸ್ವಲ್ಪ ಜಾಸ್ತಿಯೇ ಹಟ ಮಾಡುತ್ತೇನೆ. ಈ ಊರಲ್ಲಿದ್ದವರಿಗೆ ಅದು ಸಹಜ. ನಮ್ಮ ಸಾಠ್ ಕಬರ್ ನೋಡಿ. ಒಂದೇ ಥರದ ಗೋರಿಗಳು ಸಾಲು ಸಾಲಾಗಿ, ಅರವತ್ತಕ್ಕೂ ಹೆಚ್ಚು. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮೊದಲು ಅಫ್ಜಲ್ ಖಾನ್ ತನ್ನ ಹೆಂಡಂದಿರನ್ನೆಲ್ಲ ಕೊಂದ ಎಂದು ಜನ ಹೇಳುತ್ತಾರೆ. ನೀನು ತಿರುಗಿ ಬರುವುದಿಲ್ಲ ಎಂದು ಜ್ಯೋತಿಷಿ ಹೇಳಿದ್ದನಂತೆ. ಕತೆ ಕೇಳಿದವರು ‘ಅಯ್ಯೋ ಪಾಪ’ ಅಂದು ಫೋಟೋ ತೆಗೆದುಕೊಂಡು ಹೊರಡುತ್ತಾರೆ. ಯಾರು ಕಣ್ಣಾರೆ ನೋಡಿದರು, ಮೊದಲು ಹೇಳಿದವರು ಯಾರು, ಎಲ್ಲಿ ಬರೆದಿಟ್ಟಿದೆ ಎಂದು ಕೇಳುವವರು ಕಡಿಮೆ. ಪತ್ತೇದಾರಿ ಕಾದಂಬರಿಯಾದರೂ ಕೇಳಲಿ ಅನ್ನೋದು ನನ್ನ ಆಸೆ.

ಮೊದಲು ಲಿಲಿಯನ್ ಜಾಕ್ಸನ್ ಬ್ರಾನ್. ‘ದ ಕ್ಯಾಟ್ ಹೂ’ ಅಂತ ಶುರುವಾಗುವ ಹೆಸರಿನ ಪುಸ್ತಕಗಳು ಇವರವು. ಮೊದಲನೆಯದು ಬಂದದ್ದು 1966ರಲ್ಲಿ. 1968ರ ಹೊತ್ತಿಗೆ ಮೂರು ಬಂದು ನಿಂತುಹೋದವು. ಆಮೇಲೆ 18 ವರ್ಷ ಸುದ್ದಿಯೇ ಇಲ್ಲ. 1986ರಲ್ಲಿ ನಾಲ್ಕನೆಯದು ಬಂತು ನೋಡಿ, 2007ರವರೆಗೆ ಒಟ್ಟು 29 ಆದವು. ನಾಯಕ ಕ್ವಿಲರನ್, ದಪ್ಪ ಮೀಸೆಯ ಪತ್ರಕರ್ತ. ಅನುಮಾನ ಬಂದರೆ ಅವನ ಮೀಸೆ ಜುಮ್ ಅನ್ನುತ್ತದೆ. ಜೊತೆಗೆ ಎರಡು ಸಯಾಮಿ ಬೆಕ್ಕುಗಳು, ಕೋಕೋ ಮತ್ತು ಯಮ್ ಯಮ್.

ಬೆಕ್ಕಿನ ವಿಷಯದಲ್ಲಿ ಇವರನ್ನು ಮೀರಿಸಿದವರನ್ನು ನಾನು ಓದಿಲ್ಲ. ಕೋಕೋ ಮಾತಾಡುವುದಿಲ್ಲ. ಶೆಲ್ಫಿನಿಂದ ಒಂದು ಪುಸ್ತಕ ಕೆಡವುತ್ತದೆ, ಅಷ್ಟೇ. ಆ ಪುಸ್ತಕದ ಹೆಸರಿನಲ್ಲಿ ಕೊಲೆಗಾರನ ಸುಳಿವು ಇರುತ್ತದೆ. ಬೆಕ್ಕು ತಿಳಿದೇ ಕೆಡವಿತೋ, ಬೇಜಾರಿಗೆ ಕೆಡವಿತೋ? ಬ್ರಾನ್ ಅದನ್ನು ಓದುಗರಿಗೇ ಬಿಡುತ್ತಾರೆ. ನಮ್ಮ ಮನೆಯ ಬೆಕ್ಕು ಅಡುಗೆಮನೆ ಮಾಡದಿಂದ ಸ್ಟೀಲ್ ಲೋಟ ಕೆಡವುವ ರೀತಿ ನೆನಪಾಗುತ್ತದೆ. ಪಂಜದಿಂದ ಒಂದಿಷ್ಟು ಸರಿಸುತ್ತದೆ, ನಮ್ಮ ಮುಖ ನೋಡುತ್ತದೆ, ಮತ್ತೊಂದಿಷ್ಟು ಸರಿಸುತ್ತದೆ. ಅದರಲ್ಲಿ ಅರ್ಥ ಹುಡುಕುವವರು ನಾವೇ ಅಲ್ವಾ?

ಇತಿಹಾಸ? ಹೆಚ್ಚಿನ ಕತೆಗಳು ನಡೆಯುವ ಮೂಸ್ ಕೌಂಟಿ ಕಲ್ಪಿತ ಸೀಮೆ. ‘ಎಲ್ಲಾದಕ್ಕಿಂತ 400 ಮೈಲಿ ಉತ್ತರಕ್ಕೆ’ ಅನ್ನೋದು ಅಲ್ಲಿಯ ಹಾಸ್ಯ. ಆದರೆ ಕಲ್ಪಿತವಾದರೂ ಪೊಳ್ಳಲ್ಲ. ಪಾಳುಬಿದ್ದ ಗಣಿಗಳು, ಬೇಲಿ ಹಾಕಿದ ಗುಂಡಿಗಳು, ಹಳೇ ಮನೆತನಗಳು, ಎಲ್ಲ ಇವೆ. 1990ರ ‘ದ ಕ್ಯಾಟ್ ಹೂ ಟಾಕ್ಡ್ ಟು ಘೋಸ್ಟ್ಸ್’ ನನಗೆ ಬಹಳ ಹಿಡಿಸಿತು. ಅದರ ಕೇಂದ್ರದಲ್ಲಿ ಒಂದು ಹಳೇ ತೋಟದ ಮನೆ. ಈಗ ಅದು ವಸ್ತುಸಂಗ್ರಹಾಲಯ. ಅದು ಈಫ್ರೇಮ್ ಗುಡ್‌ವಿಂಟರ್ ಎಂಬ ಗಣಿ ಮಾಲೀಕನ ಮನೆತನದ್ದು. ಅವನ ಗಣಿ ಸ್ಫೋಟವಾಗಿ ಕೂಲಿಗಳು ಸತ್ತಿದ್ದರು. ಆಮೇಲೆ ಅವನೂ ಮರಕ್ಕೆ ನೇತಾಡಿದ. ಕೆಲವರು ಆತ್ಮಹತ್ಯೆ ಅಂತಾರೆ, ಇನ್ನು ಕೆಲವರು ಊರವರೇ ನೇಣು ಹಾಕಿದರು ಅಂತಾರೆ. ಸಾಠ್ ಕಬರ್ ಬಗ್ಗೆ ಯಾರೂ ಕೇಳದ ಪ್ರಶ್ನೆಯನ್ನು ಇಲ್ಲಿ ಇಡೀ ಊರು ಕೇಳುತ್ತಿದೆ.

ಕೊರತೆ ಏನೆಂದರೆ, ಸರಣಿ ಉದ್ದವಾದಷ್ಟೂ ಕತೆ ಸಡಿಲ. ಕೊನೆಕೊನೆಯ ಪುಸ್ತಕಗಳಲ್ಲಿ ಕ್ವಿಲರನ್ ಊಟಕ್ಕೆ ಹೋಗುತ್ತಾನೆ, ಬರುತ್ತಾನೆ, ಮತ್ತೆ ಊಟಕ್ಕೆ ಹೋಗುತ್ತಾನೆ. ನಡುವೆ ಯಾರೋ ಸತ್ತಿರುತ್ತಾರೆ.

ಎರಡನೆಯದು ರೀಟಾ ಮೇ ಬ್ರೌನ್. ಮುಖಪುಟದಲ್ಲಿ ಸಹಲೇಖಕಿ ಅಂತ ಅವರ ಬೆಕ್ಕು ಸ್ನೀಕಿ ಪೈ ಹೆಸರೂ ಇದೆ. 1990ರಲ್ಲಿ ಶುರುವಾದ ಸರಣಿ. ಊರು ಕ್ರೋಝೆ, ವರ್ಜೀನಿಯಾದಲ್ಲಿ ನಿಜವಾಗಿಯೂ ಇರುವ ಊರು. ಹ್ಯಾರಿ ಎಂಬ ಹೆಣ್ಣುಮಗಳು ಅಲ್ಲಿ ಪೋಸ್ಟ್ ಆಫೀಸ್ ನಡೆಸುತ್ತಾಳೆ. ಅವಳ ಬೆಕ್ಕು ಮಿಸೆಸ್ ಮರ್ಫಿ, ನಾಯಿ ಟಕರ್. ಇವು ತಮ್ಮತಮ್ಮಲ್ಲಿ ಮಾತಾಡುತ್ತವೆ. ಆ ಮಾತನ್ನು ಓರೆ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ.

ನನಗೆ ಇದು ಒಗ್ಗಲಿಲ್ಲ. ಪಕ್ಕದ ಮನೆ ಕಾಕುಗೆ ಕತೆ ಹೇಳಿದಾಗ ಅವರು, “ಯವ್ವಾ, ಬೆಕ್ಕು ನಾಯಿ ಕುಂತು ಮಾತಾಡ್ತಾವಂದ್ರ ಪೊಲೀಸರಿಗೇನ್ ಕೆಲಸ? ಸೀದಾ ಹೋಗಿ ಹೇಳಬಾರದೇನ?” ಅಂದರು. “ಹೇಳತಾವ್ರೀ ಕಾಕು, ಮಂದಿಗೆ ತಿಳಿಯೂದಿಲ್ಲ” ಅಂದೆ. “ಹಂಗಾರ ನಮ್ಮ ಮನಿಯಾಗಿನ ಗತಿನೇ ಆತು” ಅಂದು ಒಳಗೆ ಹೋದರು.

ಆದರೂ ಇದನ್ನು ಪಕ್ಕಕ್ಕಿಡಲು ಬರುವುದಿಲ್ಲ. 1994ರ ‘ಮರ್ಡರ್ ಅಟ್ ಮಾಂಟಿಸೆಲ್ಲೋ’ ಇದೆಯಲ್ಲ, ಅದರಲ್ಲಿ ಇತಿಹಾಸ ನಿಜವಾದದ್ದು, ಭಾರವಾದದ್ದು. ಮಾಂಟಿಸೆಲ್ಲೋ ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಮನೆ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲಿ ಎಲ್ಲ ಮನುಷ್ಯರೂ ಸಮಾನರು ಎಂದು ಬರೆದವನೇ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಮಂದಿಯನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. ಕಾದಂಬರಿಯಲ್ಲಿ ಗುಲಾಮರ ಗುಡಿಸಲಿದ್ದ ಜಾಗ ಅಗೆಯುವಾಗ ಅಸ್ಥಿಪಂಜರ ಸಿಗುತ್ತದೆ. ಹಳೇ ಕೊಲೆಯ ಗುಟ್ಟು ಹೊರಬಿದ್ದರೆ ಈಗಿನ ಯಾರದೋ ಮರ್ಯಾದೆ ಹೋಗುತ್ತದೆ. ಹಾಗಾಗಿ ಹೊಸ ಕೊಲೆ. ಇದನ್ನು ಓದಿದ ಮೇಲೆ ಗೋಳಗುಮ್ಮಟದ ಮುಂದೆ ನಿಂತಾಗ ಬೇರೆ ಯೋಚನೆ ಬಂತು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಹೆಸರು ಎಲ್ಲರಿಗೂ ಗೊತ್ತು. ಕಲ್ಲು ಹೊತ್ತವರು ಎಲ್ಲಿ ಮಲಗುತ್ತಿದ್ದರು? ಓರೆ ಅಕ್ಷರದ ಸಾಲುಗಳನ್ನು ಹಾರಿಸಿಯಾದರೂ ಇದೊಂದನ್ನು ಓದಿ.

ಮೂರನೆಯದು ಮಿರಾಂಡಾ ಜೇಮ್ಸ್ ಹೆಸರಿನಲ್ಲಿ ಡೀನ್ ಜೇಮ್ಸ್ ಬರೆಯುವ ‘ಕ್ಯಾಟ್ ಇನ್ ದ ಸ್ಟ್ಯಾಕ್ಸ್’ ಸರಣಿ. ಶುರುವಾದದ್ದು 2010ರಲ್ಲಿ. ಮಿಸಿಸಿಪಿಯ ಅಥೀನಾ ಎಂಬ ಕಲ್ಪಿತ ಊರಿನ ಕಾಲೇಜು ಲೈಬ್ರರಿಯಲ್ಲಿ ಚಾರ್ಲಿ ಹ್ಯಾರಿಸ್ ಹಳೇ ಪುಸ್ತಕ, ದಾಖಲೆ ನೋಡಿಕೊಳ್ಳುತ್ತಾನೆ. ಹೆಂಡತಿ ತೀರಿಕೊಂಡವನು, ಸೌಮ್ಯ ಮನುಷ್ಯ. ಬೆಕ್ಕಿನ ಹೆಸರು ಡೀಸೆಲ್. ಮೇನ್ ಕೂನ್ ಎಂಬ ದೈತ್ಯ ತಳಿ, ಬೆಲ್ಟ್ ಹಾಕಿಸಿಕೊಂಡು ಕೆಲಸಕ್ಕೂ ಜೊತೆಗೆ ಹೋಗುತ್ತದೆ. ಇದು ಪತ್ತೆಗಿತ್ತೆ ಏನೂ ಹಚ್ಚುವುದಿಲ್ಲ. ಅಳುವವರ ಮಗ್ಗುಲಲ್ಲಿ ಹೋಗಿ ಕೂರುತ್ತದೆ, ಗುರ್‌ಗುಟ್ಟುತ್ತದೆ. ಬೆಕ್ಕಿನಿಂದ ಜಾಸ್ತಿ ಬಯಸುವವರಿಗೆ ನಿರಾಸೆ ಆಗಬಹುದು. ನನಗೆ ಆಗಲಿಲ್ಲ.

2015ರ ‘ಆರ್ಸೆನಿಕ್ ಆ್ಯಂಡ್ ಓಲ್ಡ್ ಬುಕ್ಸ್’ ನೋಡಿ. ಅಮೆರಿಕದ ಅಂತರ್ಯುದ್ಧದ ಕಾಲದ, ಅಂದರೆ 1861ರಿಂದ 65ರ ಹೊತ್ತಿನ ಡೈರಿಗಳನ್ನು ಊರಿನ ಮೇಯರ್ ಕಾಲೇಜಿಗೆ ಕೊಡುತ್ತಾಳೆ. ಬರೆದವಳು ಅವಳ ಗಂಡನ ಮನೆತನದ ರೇಚಲ್ ಲಾಂಗ್. ಲಾಂಗ್ ಮನೆತನಕ್ಕೂ ಸಿಂಗಲ್ಟರಿ ಮನೆತನಕ್ಕೂ ಹಳೇ ವೈರ. ಈಗ ಎರಡೂ ಕಡೆಯವರು ಒಂದೇ ಚುನಾವಣೆಗೆ ನಿಂತಿದ್ದಾರೆ. ಡೈರಿಯಲ್ಲಿ ಏನಿದೆ ಅನ್ನೋದರ ಮೇಲೆ ಎಲ್ಲರ ಕಣ್ಣು. ಮನೆತನ, ಹಳೇ ಜಗಳ, ಎಲೆಕ್ಷನ್: ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಕಾಗದವೇ ಸಾಕ್ಷಿ. ಅದು ಅಸಲೋ ನಕಲೋ, ಯಾರ ಕೈಗೆ ಹೋಯಿತು, ಮೊದಲು ಯಾರು ಓದಿದರು ಅಂತ ಚಾರ್ಲಿ ತಾಳ್ಮೆಯಿಂದ ನೋಡುತ್ತಾನೆ. ಫ.ಗು. ಹಳಕಟ್ಟಿಯವರು ಇದೇ ಊರಲ್ಲಿ ವಕೀಲಿ ಮಾಡಿಕೊಂಡೇ ಮನೆಮನೆಗಳಿಂದ ವಚನಗಳ ಓಲೆಗರಿ ಕೂಡಿಸಿದರು. ಅಚ್ಚು ಹಾಕಲು 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಅಟ್ಟದ ಮೇಲಿನ ಕಟ್ಟಿನಲ್ಲಿ ಏನಿದೆಯೋ ಎಂಬ ಕುತೂಹಲ ಎಷ್ಟು ದೊಡ್ಡದು ಅಂತ ಅವರ ಊರಿನವರಿಗೆ ಗೊತ್ತಿರಬೇಕು. ಇನ್ನು ಓಲೆಗರಿ, ಕಾಗದ ಇದ್ದಲ್ಲಿ ಇಲಿ ಇದ್ದೇ ಇರುತ್ತದೆ. ಲೈಬ್ರರಿಯಲ್ಲಿ ಬೆಕ್ಕು ಯಾಕೆ ಎಂದು ಕೇಳುವವರಿಗೆ ಅದೇ ಉತ್ತರ. ಪಾಪ, ಡೀಸೆಲ್ ಇಲಿ ಹಿಡಿಯುವುದನ್ನು ಮಾತ್ರ ನಾನು ಎಲ್ಲೂ ಓದಲಿಲ್ಲ.

ಭಾಷೆ ಬ್ರಾನ್ ಅವರದ್ದು ಎಲ್ಲಕ್ಕಿಂತ ಸಲೀಸು. ರೀಟಾ ಮೇ ಬ್ರೌನ್ ಅವರಲ್ಲಿ ಕುದುರೆ, ಬೇಟೆ ಅಂತ ಆ ಸೀಮೆಯ ಮಾತು ಜಾಸ್ತಿ. ಮೂರನ್ನೂ ನಾನು ಓದಿದ್ದು ಕಿಂಡಲ್‌ನಲ್ಲಿ.

ಇತಿಹಾಸಕ್ಕಾಗಿ ಓದುವವರು ಜೇಮ್ಸ್ ಹಿಡಿಯಿರಿ. ಬೆಕ್ಕಿಗಾಗಿ ಆದರೆ ಬ್ರಾನ್. ಆದರೆ ಬ್ರಾನ್ ಅವರ ಮೊದಲ ಪುಸ್ತಕಗಳು ದೊಡ್ಡ ನಗರದಲ್ಲಿ ನಡೆಯುತ್ತವೆ. ಕತೆ ಮೂಸ್ ಕೌಂಟಿಗೆ ಬರುವುದು 1987ರ ‘ದ ಕ್ಯಾಟ್ ಹೂ ಪ್ಲೇಡ್ ಬ್ರಾಮ್ಸ್’ನಲ್ಲಿ, ಅಲ್ಲಿಂದಲೇ ಶುರು ಮಾಡಿದರೂ ನಡೆಯುತ್ತದೆ. ಕಾಕು ದಿನಾ ಸಂಜೆ ಅದರ ಕತೆ ಹೇಳಿಸಿಕೊಳ್ಳುತ್ತಿದ್ದಾರೆ. ಕೊಲೆಗಾರ ಯಾರು ಅಂತ ಇನ್ನೂ ಕೇಳಿಲ್ಲ. ಆ ಬೆಕ್ಕುಗಳಿಗೆ ಊಟಕ್ಕೆ ಏನೇನು ಹಾಕುತ್ತಾರೆ ಅನ್ನೋದೇ ಅವರ ವಿಚಾರಣೆ.